ಟಾಕ್ ರೇಡಿಯೊ ಮೇಲಿನ ತಪ್ಪು ಆರೋಪಪಟ್ಟಿ

ಅಮೆರಿಕದ ಬಲಪಂಥೀಯ ಟಾಕ್ ರೇಡಿಯೊ ಕುರಿತ ಪ್ರಚಲಿತ ಕತೆ ಓದುಗರಿಗೆ ಗೊತ್ತೇ ಇದೆ. ವಿವಾದದ ವಿಷಯಗಳಲ್ಲಿ ಎರಡೂ ಬದಿಯ ವಾದಕ್ಕೆ ಜಾಗ ಕೊಡಬೇಕೆಂಬ ‘ಫೇರ್‌ನೆಸ್ ಡಾಕ್ಟ್ರಿನ್’ ನಿಯಮವನ್ನು ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 1987ರಲ್ಲಿ ಕೈಬಿಟ್ಟಿತು. ಮರುವರ್ಷ ಆಗಸ್ಟ್‌ನಲ್ಲಿ ರೇಡಿಯೊ ನಿರೂಪಕ ರಶ್ ಲಿಂಬಾ 56 ಕೇಂದ್ರಗಳ ಮೂಲಕ ದೇಶಕ್ಕೆಲ್ಲ ಕೇಳುವಂತೆ ಮಾತು ಶುರುಮಾಡಿದರು. ದಿನಕ್ಕೆ ಮೂರು ಗಂಟೆಯಂತೆ ಮೂರು ದಶಕ ಲಾರಿ ಓಡಿಸುವವರ, ಗ್ಯಾರೇಜಿನವರ, ಸೇಲ್ಸ್‌ಮನ್ನರ ಕಿವಿಗೆ ವಿಷ ಹೊಯ್ದು ಅವರನ್ನು ಅವರದೇ ಕಾರ್ಮಿಕ ಸಂಘಗಳ ಮೇಲೆ ಛೂಬಿಟ್ಟರು. ಆಮೇಲೆ ಅದೇ ರೋಷ ಫೇಸ್‌ಬುಕ್ಕಿಗೆ ಹರಿಯಿತು, ಟ್ರಂಪ್ ಬಂದರು. ಉದಾರವಾದಿ ವಿಶ್ಲೇಷಕರ ಈ ಕತೆಯನ್ನು ನಮ್ಮವರೂ ಇದ್ದ ಹಾಗೇ ಎತ್ತಿಕೊಂಡಿದ್ದಾರೆ. ತಾರೀಖುಗಳು ಸರಿಯಾಗಿವೆ. ಅವುಗಳ ನಡುವೆ ಎಳೆದಿರುವ ಗೆರೆಗಳ ಬಗ್ಗೆ ನನ್ನ ತಕರಾರು.

ನನಗೆ ಈ ರೇಡಿಯೊ ಪ್ರಕಾರ ಇಷ್ಟ, ಅದರ ರಾಜಕೀಯ ಇಷ್ಟವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಸ್ವಂತ ಸುದ್ದಿ ಓದುವ ಅಧಿಕಾರವೇ ಇಲ್ಲ. ಹಾಗಾಗಿ ಟಾಕ್ ರೇಡಿಯೊ ಎಂದರೆ ನಮಗೆ ಯೂಟ್ಯೂಬಿನಲ್ಲಿ ಕತ್ತರಿಸಿ ಹಾಕಿದ ಒಂದು ನಿಮಿಷದ ಕಿರುಚಾಟ. ಪೂರ್ತಿ ಮೂರು ಗಂಟೆ ಕೇಳಿದರೆ ಸಿಗುವುದೇ ಬೇರೆ: ಹರಟೆ, ಅಣಕ, ತನ್ನನ್ನು ತಾನೇ ಹೊಗಳಿಕೊಂಡು ತಾನೇ ನಗುವ ವರಸೆ, ಮೈಕಿನ ಮುಂದೆ ಕಾಗದ ಸರಪರ ಎನಿಸಿ ಒಂದು ಕ್ಷಣ ಸುಮ್ಮನಾಗುವ ಜಾಣ್ಮೆ. ಹರಿಕಥೆ ದಾಸರು ಉಪಕಥೆಗೆ ಹೊರಳಿ, ಸಭೆ ನಕ್ಕ ಮೇಲೆ ಮೂಲಕಥೆಗೆ ಮರಳುವ ಹಾಗೆ ಲಿಂಬಾ ಒಂದೇ ಸುದ್ದಿಯ ಸುತ್ತ ಸುತ್ತಿ ಮರಳುತ್ತಿದ್ದರು. ಅದೇ ನಾಲಿಗೆ 2012ರಲ್ಲಿ, ಗರ್ಭನಿರೋಧಕಗಳಿಗೆ ವಿಮೆ ಬೇಕೆಂದು ಸಂಸದರೆದುರು ಮಾತಾಡಿದ ಕಾನೂನು ವಿದ್ಯಾರ್ಥಿನಿಯೊಬ್ಬಳನ್ನು ಹೊಲಸು ಮಾತಿನಲ್ಲಿ ನಿಂದಿಸಿತು. ಜಾಹೀರಾತುದಾರರು ಒಬ್ಬೊಬ್ಬರಾಗಿ ಕೈಬಿಡತೊಡಗಿದಾಗ ಕ್ಷಮೆ ಕೇಳಿತು. ಕಸುಬನ್ನು ಮೆಚ್ಚುವವರು ಇದನ್ನು ಪಕ್ಕಕ್ಕೆ ಸರಿಸಿ ಮೆಚ್ಚುವಂತಿಲ್ಲ.

1987ರ ಗೆರೆಯನ್ನೇ ಮೊದಲು ನೋಡೋಣ. ಲಿಂಬಾ ತಮ್ಮ ವರಸೆಯನ್ನು ಕಂಡುಕೊಂಡದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ, ಕೆಎಫ್‌ಬಿಕೆ ಕೇಂದ್ರದಲ್ಲಿ, 1984ರಿಂದ. ಆಗ ನಿಯಮ ಇನ್ನೂ ಜಾರಿಯಲ್ಲಿತ್ತು. ಅದಕ್ಕೂ ಮೊದಲು ಫುಲ್ಟನ್ ಲೂಯಿಸ್ ಜೂನಿಯರ್ ಮ್ಯೂಚುಯಲ್ ಎಂಬ ರೇಡಿಯೊ ಜಾಲದಲ್ಲಿ ವರ್ಷಗಟ್ಟಲೆ ಕೂತು ಅಧ್ಯಕ್ಷ ರೂಸ್‌ವೆಲ್ಟರ ‘ನ್ಯೂಡೀಲ್’ ಆರ್ಥಿಕ ಸುಧಾರಣೆಗಳನ್ನು ಹರಿದುಹಾಕಿದ್ದರು. ಕ್ಲಾರೆನ್ಸ್ ಮ್ಯಾನಿಯನ್ 1954ರಿಂದ ವಾರವಾರವೂ ಸಂಪ್ರದಾಯವಾದಿ ಪ್ರವಚನ ನಡೆಸಿದರು. ನಿಯಮ ಹೋದದ್ದರಿಂದ ಏನೂ ಆಗಲಿಲ್ಲ ಎನ್ನಲಾರೆ. ಒಂದು ದೂರು ಬಂದರೆ ವಕೀಲರಿಗೆ ಸುರಿಯಬೇಕಾದ ಹಣದ ಭಯ ಸಣ್ಣ ಕೇಂದ್ರಗಳಿಗೆ ತಪ್ಪಿತು. ಆದರೆ ಜಾಗ ಖಾಲಿಯಾದದ್ದು ಬೇರೆ ಕಾರಣಕ್ಕೆ. ಸ್ಟೀರಿಯೊ ಸ್ಪಷ್ಟತೆಗಾಗಿ ಹಾಡೆಲ್ಲ ಎಫ್‌ಎಂಗೆ ಹೋಗಿ, ಎಎಂ ಕೇಂದ್ರಗಳ ಮಾಲೀಕರು ಮಧ್ಯಾಹ್ನ ಏನು ಹಾಕಬೇಕೆಂದು ತಿಳಿಯದೆ ಕೂತಿದ್ದರು. ಉಪಗ್ರಹದಿಂದ ಅಗ್ಗದಲ್ಲಿ ಕಾರ್ಯಕ್ರಮ ಇಳಿಸಿಕೊಳ್ಳಬಹುದಾಗಿತ್ತು, ಕೇಳುಗರು ಕಾಸಿಲ್ಲದೆ ಫೋನ್ ಮಾಡಬಹುದಾಗಿತ್ತು. ಜೊತೆಗೆ ವ್ಯವಹಾರದ ಏರ್ಪಾಡು: ಕಾರ್ಯಕ್ರಮಕ್ಕೆ ದುಡ್ಡು ಕೊಡಬೇಕಿಲ್ಲ, ಗಂಟೆಗೆ ಇಷ್ಟು ನಿಮಿಷ ಜಾಹೀರಾತಿನ ಸಮಯ ಬಿಟ್ಟುಕೊಟ್ಟರೆ ಸಾಕು. ದಿವಾಳಿ ಅಂಚಿನ ಮಾಲೀಕನಿಗೆ ಇದಕ್ಕಿಂತ ಸಿಹಿ ಸುದ್ದಿ ಯಾವುದು? 1996ರ ಟೆಲಿಕಮ್ಯುನಿಕೇಶನ್ಸ್ ಕಾಯ್ದೆ ಒಂದೇ ಕಂಪನಿಯ ಕೈಯಲ್ಲಿ ಇಷ್ಟೇ ಕೇಂದ್ರ ಎಂಬ ರಾಷ್ಟ್ರೀಯ ಮಿತಿಯನ್ನು ಕಿತ್ತುಹಾಕಿದ ಮೇಲೆ ಕ್ಲಿಯರ್ ಚಾನೆಲ್ ಕಂಪನಿ 1,200ಕ್ಕೂ ಹೆಚ್ಚು ಕೇಂದ್ರಗಳನ್ನು ಗುಡ್ಡೆಹಾಕಿಕೊಂಡಿತು. ಆ ಕಾಯ್ದೆಗೆ ಸಹಿ ಹಾಕಿದವರು ಡೆಮಾಕ್ರಟಿಕ್ ಅಧ್ಯಕ್ಷ ಕ್ಲಿಂಟನ್. ಪ್ರಚಲಿತ ಕತೆ ರೇಗನ್ ಕಾಲದ ನಿಯಮ ರದ್ದತಿಯನ್ನು ಎತ್ತಿ ಹೇಳಿದಷ್ಟು ಗಟ್ಟಿಯಾಗಿ ಇದನ್ನು ಹೇಳುವುದಿಲ್ಲ.

ಆ ಕತೆಯಲ್ಲಿ ಇಲ್ಲವೇ ಇಲ್ಲದ ಅಧ್ಯಾಯವೊಂದಿದೆ. ರೇಡಿಯೊದಲ್ಲಿ ಮೊದಲು ಬಿಡಾರ ಹೂಡಿದವರಲ್ಲಿ ಯೂನಿಯನ್ನಿನವರೂ ಇದ್ದರು. ಶಿಕಾಗೊ ಕಾರ್ಮಿಕ ಒಕ್ಕೂಟ 1926ರಲ್ಲೇ ಡಬ್ಲ್ಯುಸಿಎಫ್‌ಎಲ್ ಎಂಬ ಸ್ವಂತ ಕೇಂದ್ರ ತೆರೆಯಿತು. ಡೆಟ್ರಾಯಿಟ್‌ನ ಮೋಟಾರು ಕಾರ್ಮಿಕರ ಯೂನಿಯನ್ 1940ರ ದಶಕದ ಕೊನೆಗೆ ಡಬ್ಲ್ಯುಡಿಇಟಿ ಎಂಬ ಎಫ್‌ಎಂ ಕೇಂದ್ರ ಕಟ್ಟಿತು. ಫುಲ್ಟನ್ ಲೂಯಿಸ್ ಯೂನಿಯನ್ನುಗಳನ್ನು ಬೈಯುತ್ತಿದ್ದ ಅದೇ ಮ್ಯೂಚುಯಲ್ ಜಾಲದಲ್ಲಿ ರಾಷ್ಟ್ರಮಟ್ಟದ ಕಾರ್ಮಿಕ ಒಕ್ಕೂಟ ದುಡ್ಡು ಕೊಟ್ಟು ಫ್ರ್ಯಾಂಕ್ ಎಡ್ವರ್ಡ್ಸ್ ಎಂಬ ವ್ಯಾಖ್ಯಾನಕಾರರನ್ನು ಕೂರಿಸಿತ್ತು. 1955ರಿಂದ 1967ರವರೆಗೆ ಕಾರ್ಮಿಕ ಸಂಘಗಳ ರಾಷ್ಟ್ರೀಯ ಒಕ್ಕೂಟ ಎಎಫ್‌ಎಲ್-ಸಿಐಒ ಪ್ರಾಯೋಜಕತ್ವದಲ್ಲಿ ಎಡ್ವರ್ಡ್ ಪಿ. ಮಾರ್ಗನ್ ವಾರದ ಸಂಜೆಗಳಲ್ಲಿ ಎಬಿಸಿ ರೇಡಿಯೊದಲ್ಲಿ ಸುದ್ದಿ ಮತ್ತು ವ್ಯಾಖ್ಯಾನ ಕೊಡುತ್ತಿದ್ದರು.

ಇವೆಲ್ಲ ಏನಾದವು? ಡೆಟ್ರಾಯಿಟ್‌ನ ಕೇಂದ್ರವನ್ನು 1952ರಲ್ಲಿ ಒಂದು ಡಾಲರಿಗೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಲಾಯಿತು. ಮಾರ್ಗನ್ ಕಾರ್ಯಕ್ರಮ ನಿಂತ ಮೇಲೆ ಆ ಕುರ್ಚಿಯಲ್ಲಿ ಅಷ್ಟು ಕಾಲ ಕೂರುವ ಇನ್ನೊಬ್ಬರು ಬರಲಿಲ್ಲ. ಶಿಕಾಗೊದ ಕೇಂದ್ರ ಅರವತ್ತರ ದಶಕದಲ್ಲಿ ರಾಕ್ ಹಾಡು ಹಾಕಿ ಹೆಸರು ಮಾಡಿ, ಎಪ್ಪತ್ತರ ದಶಕದ ಕೊನೆಗೆ ಮ್ಯೂಚುಯಲ್ ಕಂಪನಿಗೆ ಮಾರಾಟವಾಯಿತು. ಮ್ಯೂಚುಯಲ್ ಆಗ ಆಮ್ವೇ ಒಡೆತನದಲ್ಲಿತ್ತು. ಹೌದು, ನಮ್ಮೂರುಗಳಲ್ಲಿ ನೆಂಟರ ರೂಪದಲ್ಲಿ ಮನೆಗೆ ಬಂದು ಸೋಪು, ವಿಟಮಿನ್ ಮಾರುವ ಅದೇ ಆಮ್ವೇ. ಲಿಂಬಾ ಬಂದು ದುಡಿಯುವವರ ಕಿವಿಯನ್ನು ಯೂನಿಯನ್ನಿನಿಂದ ಕಸಿದರು ಎಂಬ ಮಾತಿಗೆ ಇಲ್ಲಿ ನೆಲೆ ಸಿಗುವುದಿಲ್ಲ. ಮಾರ್ಗನ್ ನಿಂತು 21 ವರ್ಷದ ಮೇಲೆ ಲಿಂಬಾ ಬಂದರು. ಅಷ್ಟರಲ್ಲಿ ಕೈ ಕೆಲಸದಲ್ಲಿ, ಕಿವಿ ಬಿಡುವಾಗಿ ಇರುವ ಮನುಷ್ಯನ ಜೊತೆ ದಿನದಿನವೂ ಮಾತಾಡುವ ಅಭ್ಯಾಸವನ್ನೇ ಕಾರ್ಮಿಕ ಚಳವಳಿ ಬಿಟ್ಟುಕೊಟ್ಟಿತ್ತು. ಚುನಾವಣೆ ಬಂದಾಗ ಜಾಹೀರಾತು ಕೊಡುವುದು ಆ ಅಭ್ಯಾಸಕ್ಕೆ ಬದಲಿಯಾಗದು.

ಯೂನಿಯನ್ನುಗಳು ಬಿಟ್ಟುಹೋದ ಜಾಗಕ್ಕೆ ಟಾಕ್ ರೇಡಿಯೊ ವಾರಸುದಾರನಾದದ್ದಕ್ಕೆ ಲಿಂಬಾ ಕಾರ್ಯಕ್ರಮದ ಆರಂಭ ಸಂಗೀತವೇ ಸಾಕ್ಷಿ. ದಪ್ಪ ಬೇಸ್ ಗಿಟಾರಿನ ಆ ಎಳೆ ‘ದಿ ಪ್ರಿಟೆಂಡರ್ಸ್’ ತಂಡದ್ದು. ಹಾಡಿನ ಹೆಸರು ‘ಮೈ ಸಿಟಿ ವಾಸ್ ಗಾನ್’. ಒಹಾಯೊ ರಾಜ್ಯದ ಏಕ್ರನ್‌ನಲ್ಲಿ ಹುಟ್ಟಿದ ಕ್ರಿಸ್ಸಿ ಹೈಂಡ್, ತನ್ನೂರಿಗೆ ಮರಳಿದಾಗ ಪೇಟೆಬೀದಿ ನೆಲಸಮವಾಗಿ, ಹೊಲದ ಜಾಗದಲ್ಲಿ ಮಾಲುಗಳೆದ್ದದ್ದನ್ನು ಕಂಡು ಬರೆದದ್ದು. ಏಕ್ರನ್ ಟೈರು ಕಾರ್ಖಾನೆಗಳ ಊರು. 1936ರ ಗುಡ್‌ಇಯರ್ ಮುಷ್ಕರ ಅಲ್ಲಿ ನಡೆಯಿತು. ಪರಿಸರವಾದಿಯೂ ಪ್ರಾಣಿದಯಾವಾದಿಯೂ ಆದ ಗಾಯಕಿಯ ಹಾಡನ್ನು ತಾನು ಬಳಸುವುದರಲ್ಲಿ ವ್ಯಂಗ್ಯವಿದೆ ಎಂದು ಲಿಂಬಾ ಬೀಗುತ್ತಿದ್ದರು. ಹೈಂಡ್ ಕೊನೆಗೆ ರಾಯಧನವನ್ನು ಪ್ರಾಣಿಹಕ್ಕು ಸಂಸ್ಥೆ ಪೇಟಾಗೆ ಕೊಡಿಸಿ ಒಪ್ಪಿದರು. ಕೇಳುಗರಿಗೆ ಸಿಗುತ್ತಿದ್ದದ್ದು ಬೇಸ್ ಗಿಟಾರು ಮಾತ್ರ. ಹಾಡಿನ ಮಾತು ಶುರುವಾಗುವ ಮೊದಲೇ ಲಿಂಬಾ ಮಾತು ಶುರುವಾಗುತ್ತಿತ್ತು. ಕಳೆದುಹೋದ ಊರಿನ ಸಂಕಟವನ್ನು ರಾಗವಾಗಿ ಉಳಿಸಿಕೊಂಡು, ಊರನ್ನು ಕಳೆದವರು ಯಾರು ಎಂಬ ಸಾಹಿತ್ಯವನ್ನು ಕತ್ತರಿಸುವುದು: ಈ ಪ್ರಕಾರದ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ನಿರೂಪಕರು ಕೇಳುಗರ ತಲೆಕೆಡಿಸಿದರು ಎಂಬ ಆರೋಪ. ಇದರ ಪರವಾಗಿ ವಿಸ್ಕಾನ್ಸಿನ್ ರಾಜ್ಯವನ್ನು ತೋರಿಸುತ್ತಾರೆ, ತೋರಿಸಲು ಕಾರಣವೂ ಇದೆ. 2011ರಲ್ಲಿ ಗವರ್ನರ್ ಸ್ಕಾಟ್ ವಾಕರ್ ‘ಆ್ಯಕ್ಟ್ 10’ ತಂದು ಸರ್ಕಾರಿ ನೌಕರರ ಸಾಮೂಹಿಕ ಚೌಕಾಸಿಯ ಹಕ್ಕನ್ನು ಬಹುಪಾಲು ಕಿತ್ತುಕೊಂಡಾಗ, ಮಿಲ್ವಾಕಿಯ ರೇಡಿಯೊದಲ್ಲಿ ಚಾರ್ಲಿ ಸೈಕ್ಸ್, ಮಾರ್ಕ್ ಬೆಲ್ಲಿಂಗ್ ಅವರಂಥವರು ದಿನಾ ಬೆಂಬಲಕ್ಕೆ ನಿಂತರು. ಮರುವರ್ಷ ವಾಕರ್ ಅವರನ್ನು ವಾಪಸ್ ಕರೆಸುವ ಚುನಾವಣೆಯಲ್ಲಿ ಯೂನಿಯನ್ ಸದಸ್ಯರಿರುವ ಮನೆಗಳ ಮತದಲ್ಲೇ ಮೂರನೇ ಒಂದಕ್ಕೂ ಹೆಚ್ಚು ಪಾಲು ವಾಕರ್‌ಗೆ ಹೋಯಿತು. ಸರಿ. ಆದರೆ ಜೇನ್ಸ್‌ವಿಲ್‌ನ ಜನರಲ್ ಮೋಟರ್ಸ್ ಕಾರ್ಖಾನೆ ಬಾಗಿಲು ಹಾಕಿದ್ದು 2008ರ ಡಿಸೆಂಬರಿನಲ್ಲಿ. ಕೆಲಸ ಕಳೆದುಕೊಂಡವನು ಪಕ್ಕದ ಮನೆಯ ಮೇಷ್ಟ್ರ ಪಿಂಚಣಿ ನೋಡಿ ಹೊಟ್ಟೆ ಉರಿದುಕೊಳ್ಳಲು ರೇಡಿಯೊ ಬೇಕಾಗಿರಲಿಲ್ಲ. ರೇಡಿಯೊ ಆ ಉರಿಗೆ ಮಾತು ಕೊಟ್ಟಿತು, ದಿಕ್ಕನ್ನೂ ಕೊಟ್ಟಿತು.

ದಿಕ್ಕು ಕೊಡುವ ಶಕ್ತಿಗೂ ಮಿತಿ ಎಷ್ಟೆಂಬುದು ಅದೇ ಸೈಕ್ಸ್ ಅವರಿಗೆ ನಾಲ್ಕು ವರ್ಷದಲ್ಲಿ ಗೊತ್ತಾಯಿತು. 2016ರಲ್ಲಿ ಅವರೂ ಆ ರಾಜ್ಯದ ಪ್ರಮುಖ ನಿರೂಪಕರು ಹಲವರೂ ಟ್ರಂಪ್ ವಿರುದ್ಧ ನಿಂತರು. ಏಪ್ರಿಲ್‌ನ ಪಕ್ಷದೊಳಗಿನ ಚುನಾವಣೆಯಲ್ಲಿ ಅಲ್ಲಿ ಟ್ರಂಪ್ ಸೋತರು, ಟೆಡ್ ಕ್ರೂಜ್ ಗೆದ್ದರು. ನವೆಂಬರಿನಲ್ಲಿ ರಾಜ್ಯ ಟ್ರಂಪ್ ಪಾಲಾಯಿತು. ಡಿಸೆಂಬರಿನಲ್ಲಿ ಎರಡು ದಶಕಕ್ಕೂ ಮಿಕ್ಕಿ ನಡೆಸಿದ ಕಾರ್ಯಕ್ರಮದಿಂದ ಸೈಕ್ಸ್ ಇಳಿದರು. ಕೇಳುಗ ನಿರೂಪಕನ ಗೊಂಬೆಯಾಗಿದ್ದರೆ ಇದು ಹೀಗಾಗುತ್ತಿರಲಿಲ್ಲ. ಯೂನಿಯನ್ ವಿಷಯಕ್ಕೇ ಬನ್ನಿ: ಒಹಾಯೊ ಮತದಾರರು 2011ರಲ್ಲಿ ವಾಕರ್ ಮಾದರಿಯ ಕಾನೂನನ್ನು ಶೇ 61ರಷ್ಟು ಮತದಿಂದ ಕಿತ್ತೆಸೆದರು. ಮಿಸೌರಿ ಲಿಂಬಾ ಹುಟ್ಟಿದ ರಾಜ್ಯ, 2016ರಲ್ಲಿ ಟ್ರಂಪ್ ಭಾರಿ ಅಂತರದಿಂದ ಗೆದ್ದ ರಾಜ್ಯ. ಅಲ್ಲಿ ಯೂನಿಯನ್ ವಂತಿಗೆಯನ್ನು ಐಚ್ಛಿಕಗೊಳಿಸಿ ಸಂಘಗಳ ಬುಡ ಸಡಿಲಿಸುವ ‘ರೈಟ್ ಟು ವರ್ಕ್’ ಕಾನೂನು 2018ರ ಆಗಸ್ಟ್‌ನಲ್ಲಿ ಜನರ ಮುಂದೆ ಬಂದಾಗ ಶೇ 67ರಷ್ಟು ಮಂದಿ ತಿರಸ್ಕರಿಸಿದರು. ಮಧ್ಯಾಹ್ನ ಲಿಂಬಾ ಕೇಳಿ ಸಂಜೆ ಯೂನಿಯನ್ ಪರ ಮತ ಹಾಕಿ ಬಂದವರು ಈ ಲೆಕ್ಕದಲ್ಲಿ ಇಲ್ಲದಿರಲು ಸಾಧ್ಯವೇ ಇಲ್ಲ. ಪ್ರಚಲಿತ ಕತೆಗೆ ಈ ಮನುಷ್ಯ ಕಾಣುವುದಿಲ್ಲ. ಕಾಣದಿರುವುದರಲ್ಲಿ ಒಂದು ಬಗೆಯ ತಿರಸ್ಕಾರವಿದೆ. ಆ ತಿರಸ್ಕಾರವನ್ನೇ ಲಿಂಬಾ ದಿನಾ ಮೈಕಿನಲ್ಲಿ ಮಾರುತ್ತಿದ್ದರು.

ಹಾಗಾದರೆ ನನ್ನ ಆರೋಪ ಯಾವುದು? ಫೋನಿನ ವ್ಯವಸ್ಥೆಯನ್ನು ನೋಡಿ. ಕರೆ ಮೊದಲು ಹೋಗುವುದು ಶೋಧಕನ ಬಳಿಗೆ; ಲಿಂಬಾ ಅವರಿಗೆ ಆ ಕೆಲಸವನ್ನು ಬಹುಕಾಲ ಮಾಡಿದವರು ‘ಬೊ ಸ್ನರ್ಡ್ಲಿ’ ಎಂಬ ಹೆಸರಿನ ಜೇಮ್ಸ್ ಗೋಲ್ಡನ್. ನಿರೂಪಕನ ಪರದೆಯಲ್ಲಿ ಮೂಡುವುದು ಹೆಸರು, ಊರು, ಒಂದು ಸಾಲಿನ ವಿಷಯ. ಕರೆ ಮಾಡಿದವನ ಮುಖ್ಯ ಕೆಲಸ ನಿರೂಪಕ ಮಿಂಚುವಂತೆ ಮಾಡುವುದು ಎಂದು ಲಿಂಬಾ 1992ರ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಒಬ್ಬ ಬರುತ್ತಾನೆ, ದೂರು ಹೇಳುತ್ತಾನೆ, ಹೋಗುತ್ತಾನೆ, ಮುಂದಿನವನು ಬರುತ್ತಾನೆ. ಇಬ್ಬರೂ ಒಂದೇ ಹೆದ್ದಾರಿಯಲ್ಲಿ ಒಂದೇ ಕಂಪನಿಯ ಲಾರಿ ಓಡಿಸುತ್ತಿದ್ದರೂ ಪರಸ್ಪರ ಮಾತಾಡುವಂತಿಲ್ಲ. ದೂರು ಸದಾ ಮೇಲಕ್ಕೆ, ನಿರೂಪಕನ ಕಡೆಗೆ. ಅಲ್ಲಿಂದ ವಾಷಿಂಗ್ಟನ್ನಿನ ಅಧಿಕಾರಿ, ಪ್ರೊಫೆಸರ್, ಪತ್ರಕರ್ತರ ಕಡೆಗೆ ಹೊರಳುತ್ತದೆ. ಕೂಲಿ ಕೊಡುವವನ ಹೆಸರು ಬರುವುದು ಅವನು ಉದಾರವಾದಿ ಘೋಷಣೆ ಕೂಗಿದಾಗ. ಕೂಲಿ ಕಡಿಮೆ ಕೊಟ್ಟಾಗ ಬರದು. ಸುಳ್ಳು, ಸಿಟ್ಟು ಇವೆಲ್ಲ ಬೇರೆ ಮಾಧ್ಯಮಗಳಲ್ಲೂ ಧಾರಾಳವಾಗಿವೆ. ಕೋಟಿ ಜನರನ್ನು ಒಟ್ಟಿಗೆ ಕೂರಿಸಿ ಒಬ್ಬೊಬ್ಬರನ್ನೂ ಒಂಟಿಯಾಗಿ ಇಡುವುದು ಟಾಕ್ ರೇಡಿಯೊದ ಸ್ವಂತ ದೋಷ.

ಸಾಮಾಜಿಕ ಜಾಲತಾಣ ಅದರ ಮಗು ಎಂಬ ಮಾತನ್ನು ಒಪ್ಪದಿರಲು ನನಗೆ ಇದೇ ಕಾರಣ. 2016ರಲ್ಲಿ ಟ್ರಂಪ್‌ಗೆ ಶೇ 68ರಷ್ಟು ಮತ ಕೊಟ್ಟ ವೆಸ್ಟ್ ವರ್ಜೀನಿಯಾದಲ್ಲಿ, ಆರೋಗ್ಯ ವಿಮೆಯ ಕಂತು ಏರುತ್ತಿದ್ದ ಕಾಲಕ್ಕೆ, ಶಾಲಾ ನೌಕರರು ಫೇಸ್‌ಬುಕ್ಕಿನಲ್ಲಿ ಗುಟ್ಟಿನ ಗುಂಪೊಂದನ್ನು ಕಟ್ಟಿಕೊಂಡರು. ಸದಸ್ಯರು 20,000 ದಾಟಿದರು. 2018ರ ಫೆಬ್ರುವರಿಯಲ್ಲಿ 55 ಕೌಂಟಿಗಳ ಶಾಲೆಗಳೂ ಮುಚ್ಚಿದವು. ಶಾಲೆಯ ಊಟವನ್ನೇ ನೆಚ್ಚಿದ ಮಕ್ಕಳಿಗಾಗಿ ಮೇಷ್ಟ್ರುಗಳೇ ಊಟದ ಪೊಟ್ಟಣ ಕಟ್ಟಿದರು. ಯೂನಿಯನ್ ನಾಯಕರು ಗವರ್ನರ್ ಜೊತೆ ರಾಜಿಯಾಗಿ ಕೆಲಸಕ್ಕೆ ಮರಳಿ ಎಂದಾಗ ನೌಕರರು ಕೇಳಲಿಲ್ಲ. ಶೇ 5ರಷ್ಟು ಸಂಬಳ ಏರಿಕೆ ಕಾನೂನಾದ ಮೇಲೆ ಮರಳಿದರು. ಜನ ಪರಸ್ಪರ ಕಂಡುಬಿಟ್ಟರೆ ಒಳ್ಳೆಯದೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. 2020ರ ನವೆಂಬರಿನಲ್ಲಿ, ಅಧ್ಯಕ್ಷ ಚುನಾವಣೆಯನ್ನು ಟ್ರಂಪ್‌ರಿಂದ ಕದಿಯಲಾಗುತ್ತಿದೆ ಎಂದು ಕೂಗಿದ ‘ಸ್ಟಾಪ್ ದಿ ಸ್ಟೀಲ್’ ಗುಂಪಿಗೆ ಸುಮಾರು ಒಂದು ದಿನದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದೂ ಅದೇ ಫೇಸ್‌ಬುಕ್ಕಿನಲ್ಲಿ. ಎರಡೂ ಟಾಕ್ ರೇಡಿಯೊದಿಂದ ಆಗುವ ಕೆಲಸಗಳಲ್ಲ ಎಂಬಷ್ಟೇ ನನ್ನ ವಾದ. ಮಾಧ್ಯಮದ ರೂಪವನ್ನು ನೋಡದೆ ರೋಷದ ಬಣ್ಣ ಮಾತ್ರ ನೋಡುವ ವಿಮರ್ಶೆಗೆ ಈ ವ್ಯತ್ಯಾಸ ಸಿಗುವುದಿಲ್ಲ.

ಲಿಂಬಾ 2021ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮುಕ್ತ ಮಾರುಕಟ್ಟೆಯ ಗುಣಗಾನವನ್ನು ಹಗಲೆಲ್ಲ ಪ್ರಸಾರ ಮಾಡಿದ ಕಂಪನಿಗಳೇ ಸಾಲದಲ್ಲಿ ಮುಳುಗಿದ್ದವು: ಕ್ಯುಮ್ಯುಲಸ್ 2017ರಲ್ಲಿ, ಕ್ಲಿಯರ್ ಚಾನೆಲ್‌ನ ಹೊಸ ಅವತಾರ ಐಹಾರ್ಟ್ 2018ರಲ್ಲಿ ದಿವಾಳಿ ಅರ್ಜಿ ಹಾಕಿದವು, 2020ರ ಜನವರಿಯಲ್ಲಿ ಐಹಾರ್ಟ್ ನೂರಾರು ಸ್ಥಳೀಯ ಧ್ವನಿಗಳನ್ನು ಮನೆಗೆ ಕಳಿಸಿತು. ಲಿಂಬಾ ಹೊತ್ತಿನ ಮಧ್ಯಾಹ್ನಕ್ಕೆ ಕ್ಯುಮ್ಯುಲಸ್ ಕೂರಿಸಿದ್ದು ಡ್ಯಾನ್ ಬೊಂಜಿನೊ ಅವರನ್ನು. ಫೇಸ್‌ಬುಕ್ಕಿನಲ್ಲಿ ಬೆಳೆದ ಹೆಸರು, ಮುಂದೆ 2025ರಲ್ಲಿ ಎಫ್‌ಬಿಐನ ಉಪನಿರ್ದೇಶಕರಾದವರು. 2021ರಲ್ಲಿ ಕಂಪನಿ ನೌಕರರಿಗೆಲ್ಲ ಕೋವಿಡ್ ಲಸಿಕೆ ಕಡ್ಡಾಯ ಮಾಡಿತು. ತಾವು ಲಸಿಕೆ ಹಾಕಿಸಿಕೊಂಡಿದ್ದ ಬೊಂಜಿನೊ, ಕೆಳಗಿನ ನೌಕರರ ಪರವಾಗಿ ಸಿಡಿದೆದ್ದು, ನಾನಿರಬೇಕು ಇಲ್ಲವೇ ಈ ನಿಯಮವಿರಬೇಕು ಎಂದು ಕಂಪನಿಗೆ ಸವಾಲು ಹಾಕಿದರು. ನೌಕರರನ್ನು ಒಟ್ಟುಗೂಡಿಸುವ ದಾರಿ ಅವರ ಪ್ರಕಾರದ ಶಬ್ದಕೋಶದಲ್ಲಿ ಇರಲಿಲ್ಲ. ಇದ್ದದ್ದು ಒಂದು ಮೈಕು, ಒಂದು ಬೆದರಿಕೆ. ಕೆಲವು ದಿನ ಹಳೆಯ ಕಾರ್ಯಕ್ರಮಗಳು ಮರುಪ್ರಸಾರವಾದವು, ಆಮೇಲೆ ಅವರು ಸ್ಟುಡಿಯೊಗೆ ಮರಳಿದರು. ಕಂಪನಿ ನಿಯಮ ಬದಲಿಸಲಿಲ್ಲ.