ಸಾಕ್ಷಿ ಮತ್ತು ಸಂಪಾದಕ: ವಿಶ್ವಕೋಶದಲ್ಲಿ ಕೃತಿಕಾರನ ಸ್ಥಾನ

ತನ್ನ ಕೃತಿಯ ವಿಷಯದಲ್ಲಿ ಕೃತಿಕಾರನ ಮಾತಿಗೆ ಎಷ್ಟು ಪ್ರಾಮಾಣ್ಯವಿದೆ ಎಂಬುದು ಸಾಹಿತ್ಯ ವಿಮರ್ಶೆಯ ಹಳೆಯ ಪ್ರಶ್ನೆ. 2001ರಲ್ಲಿ ಆರಂಭವಾದ ವಿಕಿಪೀಡಿಯ ಇದಕ್ಕೆ ಹೊಸ ರೂಪವನ್ನು ಕೊಟ್ಟಿದೆ. ಯಾರು ಬೇಕಾದರೂ ತಿದ್ದಬಹುದಾದ ಈ ಅಂತರಜಾಲ ವಿಶ್ವಕೋಶವು, ತಮ್ಮನ್ನು ಅಥವಾ ತಮ್ಮ ಕೃತಿಯನ್ನು ಕುರಿತ ಲೇಖನವನ್ನು ತಾವೇ ತಿದ್ದುವುದನ್ನು ಹಿತಾಸಕ್ತಿ ಸಂಘರ್ಷವೆಂದು ಪರಿಗಣಿಸಿ, ಅದರಿಂದ ದೂರವಿರುವಂತೆ ಸೂಚಿಸುತ್ತದೆ.

ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಅವರ ಪ್ರಕರಣ ಈ ದೃಷ್ಟಿಯಿಂದ ಪರಿಶೀಲನಾರ್ಹವಾದುದು. 2000ದಲ್ಲಿ ಪ್ರಕಟವಾದ ಅವರ ‘ದಿ ಹ್ಯೂಮನ್ ಸ್ಟೇನ್’ ಕಾದಂಬರಿಯ ನಾಯಕ, ತನ್ನ ಕಪ್ಪು ಜನಾಂಗದ ಮೂಲವನ್ನು ಮರೆಮಾಚಿ ಬಿಳಿಯನಾಗಿ ಬಾಳಿದ ಪ್ರಾಧ್ಯಾಪಕ. ವಿಮರ್ಶಕ ಅನಟೋಲ್ ಬ್ರೊಯಾರ್ಡ್ ಅವರ ಬದುಕೇ ಈ ಪಾತ್ರಕ್ಕೆ ಪ್ರೇರಣೆ ಎಂಬ ಮಾತು ವಿಕಿಪೀಡಿಯದಲ್ಲಿತ್ತು. ರಾತ್ ತಮ್ಮ ಪ್ರತಿನಿಧಿಯ ಮೂಲಕ ಅದನ್ನು ತೆಗೆಸಲು ಯತ್ನಿಸಿದಾಗ, ಲೇಖಕರ ಮಾತೊಂದೇ ಸಾಲದು, ದ್ವಿತೀಯಕ ಆಕರಗಳು ಬೇಕು ಎಂಬ ಉತ್ತರ ಬಂದಿತು. 2012ರ ಸೆಪ್ಟೆಂಬರಿನಲ್ಲಿ ಅವರು ‘ದಿ ನ್ಯೂಯಾರ್ಕರ್’ ಪತ್ರಿಕೆಯ ಜಾಲತಾಣದಲ್ಲಿ ಬಹಿರಂಗ ಪತ್ರವೊಂದನ್ನು ಪ್ರಕಟಿಸಿದರು. ತರಗತಿಗೆ ಬಾರದ ಇಬ್ಬರು ವಿದ್ಯಾರ್ಥಿಗಳ ಬಗೆಗೆ ಆಡಿದ ಒಂದು ಶಬ್ದಕ್ಕಾಗಿ, ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ಮೆಲ್ವಿನ್ ಟ್ಯೂಮಿನ್ 1985ರಲ್ಲಿ ವರ್ಣದ್ವೇಷದ ಆರೋಪವನ್ನು ಎದುರಿಸಬೇಕಾಯಿತು. ಅದೇ ತಮ್ಮ ಕಾದಂಬರಿಯ ಮೂಲ ಎಂದು ವಿವರಿಸಿದರು.

ಲೇಖಕನಿಗೇ ಅವನ ಕೃತಿ ತಿಳಿಯದೆಂದ ಈ ನಿಯಮ ಹಾಸ್ಯಾಸ್ಪದವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ಕೃತಿಗೆ ಪ್ರೇರಣೆ ಯಾವುದು ಎಂಬುದು ಒಂದು. ವಿಮರ್ಶಕರು ಅದರಲ್ಲಿ ಯಾರನ್ನು ಕಂಡರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ರಾತ್ ಪ್ರಮುಖ ಸಾಕ್ಷಿ. ಎರಡನೆಯದರ ಮೇಲೆ ಅವರಿಗೆ ಅಧಿಕಾರವಿಲ್ಲ. ವಿಶ್ವಕೋಶದ ವಾಕ್ಯಕ್ಕೆ ಸಹಿಯಿರುವುದಿಲ್ಲ. ಅವರೇ ತಿದ್ದಿದ್ದರೆ ಸಾಕ್ಷಿಯ ಹೇಳಿಕೆ ತೀರ್ಪಿನ ವೇಷ ತೊಡುತ್ತಿತ್ತು. ಸಹಿಯುಳ್ಳ ಪತ್ರವನ್ನಾದರೋ ಯಾರೂ ಉಲ್ಲೇಖಿಸಬಹುದು, ಒರೆಗೆ ಹಚ್ಚಬಹುದು.

ಕನ್ನಡ ಸಂಶೋಧನೆಗೆ ಈ ವಿವೇಚನೆ ಹೊಸದಲ್ಲ. ಪಂಪನ ಜೀವನಕ್ಕೆ ನಮಗಿರುವ ಮುಖ್ಯ ಆಕರಗಳು ಅವನ ಕಾವ್ಯಗಳಲ್ಲಿನ ಸ್ವವಿಷಯ ಮತ್ತು ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿರುವ, ಅವನ ತಮ್ಮ ಜಿನವಲ್ಲಭನ ಶಾಸನ. ಎರಡೂ ಆಸಕ್ತರ ಮಾತುಗಳೇ. ಆದರೂ ಅವನ್ನು ಬಳಸುತ್ತೇವೆ. ಏಕೆಂದರೆ ಹೇಳಿದವರು ಯಾರೆಂಬುದು ಮರೆಯಾಗಿಲ್ಲ.

ಈ ನಿಯಮಕ್ಕೆ ಒಂದು ಮಿತಿಯೂ ಉಂಟು. ದ್ವಿತೀಯಕ ಆಕರಗಳು ಹೇರಳವಾಗಿರುವ ಭಾಷೆಗೆ ಅದು ಸುಲಭ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸ್ಥಿತಿ ಬೇರೆ. ಹೊರನಾಡಿನ ಲೇಖಕನ ಕೃತಿಗೆ ಅಚ್ಚಾದ ಒಂದು ವಿಮರ್ಶೆಯೂ ಇಲ್ಲದಿರುವುದುಂಟು. ಬಲ್ಲವರೆಂದರೆ ಅವನೂ ಅವನ ಶಿಷ್ಯರೂ ಮಾತ್ರ. ಅಂಥವರು ತಮ್ಮ ಸಂಬಂಧವನ್ನು ಘೋಷಿಸಿ, ಚರ್ಚಾಪುಟದಲ್ಲಿ ತಿದ್ದುಪಡಿ ಸೂಚಿಸಿ, ನಿರ್ಣಯವನ್ನು ಇತರರಿಗೆ ಬಿಡುವುದು ಯುಕ್ತ. ತನ್ನ ಪ್ರಬಂಧವನ್ನು ತಾನೇ ಆಕರವಾಗಿ ಸೇರಿಸುವ ಸಂಶೋಧಕನಿಗೂ ಇದೇ ಅನ್ವಯಿಸುತ್ತದೆ. ಆದರೆ ಕೊರತೆಯ ಮೂಲವಿರುವುದು ವಿಶ್ವಕೋಶದಲ್ಲಲ್ಲ, ನಮ್ಮ ವಿಮರ್ಶೆಯಲ್ಲಿ. ಹೊರನಾಡ ಕೃತಿಗಳನ್ನು ಕುರಿತು ಸಹಿಯುಳ್ಳ ವಿಮರ್ಶೆಗಳೂ ಗ್ರಂಥಸೂಚಿಗಳೂ ಸಿದ್ಧವಾಗದ ಹೊರತು, ಕೃತಿಕಾರನು ತನ್ನ ಪರವಾಗಿ ತಾನೇ ಬರೆದುಕೊಳ್ಳುವ ಪ್ರಲೋಭನೆ ತಪ್ಪದು.