ಪದದ ಸಾಕ್ಷ್ಯ, ವ್ಯಾಕರಣದ ಸಾಕ್ಷ್ಯ: ಟರ್ನರ್ ಅವರ ಗುಲ್ಲಾ ಅಧ್ಯಯನದ ಮರುಪರಿಶೀಲನೆ

ಅಮೆರಿಕದ ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಕರಾವಳಿಯಲ್ಲಿ ಆಫ್ರಿಕನ್ ಮೂಲದ ಜನರು ಆಡುವ ಗುಲ್ಲಾ ನುಡಿಯನ್ನು ಕೆಟ್ಟುಹೋದ ಇಂಗ್ಲಿಷ್ ಎಂದು ಬಗೆಯುವ ರೂಢಿ ದೀರ್ಘಕಾಲ ಪ್ರಚಲಿತವಾಗಿತ್ತು. 1922ರಲ್ಲಿ ಆಂಬ್ರೋಸ್ ಗೊನ್ಜಾಲೆಸ್ ಅದಕ್ಕೆ ಆಡುಗರ ಸೋಮಾರಿತನವನ್ನೇ ಕಾರಣವೆಂದು ಹೇಳಿದ್ದರು. ಈ ನಿಲುವನ್ನು ಅಲುಗಾಡಿಸಿದ್ದು 1949ರಲ್ಲಿ ಪ್ರಕಟವಾದ ಲೊರೆಂಜೊ ಡೌ ಟರ್ನರ್ ಅವರ ‘ಆಫ್ರಿಕನಿಸಮ್ಸ್ ಇನ್ ದ ಗುಲ್ಲಾ ಡಯಲೆಕ್ಟ್’. ಗ್ರಂಥದ ಐತಿಹಾಸಿಕ ಮಹತ್ವ ನಿರ್ವಿವಾದ. ಆದರೆ ಅದು ಒದಗಿಸುವ ಸಾಕ್ಷ್ಯಗಳೆಲ್ಲ ಸಮಾನ ತೂಕದವಲ್ಲ ಎಂಬುದು ನಮ್ಮ ವಾದ.

ಗ್ರಂಥದ ದೀರ್ಘ ಪದಪಟ್ಟಿಯಲ್ಲಿ ವ್ಯಕ್ತಿನಾಮಗಳೇ ಅಧಿಕ. ಅನೇಕ ಹೆಸರುಗಳಿಗೆ ಟರ್ನರ್ ಹಲವು ಆಫ್ರಿಕನ್ ಭಾಷೆಗಳಿಂದ ಧ್ವನಿಸಾಮ್ಯವುಳ್ಳ ಪದಗಳನ್ನು ಕೊಡುತ್ತಾರೆ. ಎರಡಕ್ಷರದ ಹೆಸರೊಂದಕ್ಕೆ ಹಲವು ನಿಘಂಟುಗಳಲ್ಲಿ ಹುಡುಕಿದರೆ ಎಲ್ಲಿಯಾದರೂ ಹೋಲಿಕೆ ಸಿಕ್ಕೀತು, ಹೋಲಿಕೆಯೇ ಮೂಲವಾಗದು. ಇದಕ್ಕೆ ಪ್ರತಿಯಾಗಿ, ಅವರು ದಾಖಲಿಸಿದ ಫುಲಾ ಸಂಖ್ಯಾವಾಚಕಗಳೂ ಮೆಂಡೆ ಭಾಷೆಯ ಹಾಡೂ ಗಟ್ಟಿಯಾದ ಪುರಾವೆಗಳು. ಎಣಿಕೆಯ ಕ್ರಮವಾಗಲಿ ಇಡೀ ಹಾಡಿನ ಪಠ್ಯವಾಗಲಿ ಆಕಸ್ಮಿಕವಾಗಿ ಹೊಂದಿಕೆಯಾಗಲಾರದು.

ವಾಕ್ಯರಚನೆಯ ವಿಚಾರ ಇನ್ನಷ್ಟು ಸೂಕ್ಷ್ಮ. ಗುಲ್ಲಾದಲ್ಲಿ ಹೇಳುವ, ತಿಳಿಯುವ ಕ್ರಿಯಾಪದಗಳ ಅನಂತರ ಬರುವ ‘ಸೆ’ ಎಂಬುದನ್ನು ಟರ್ನರ್ ಟ್ವಿ ಭಾಷೆಯ ‘ಸೆ’ಗೆ ಜೋಡಿಸುತ್ತಾರೆ. ಇಂಗ್ಲಿಷಿನ ‘ಸೇ’ ಕೂಡ ಅದೇ ಧ್ವನಿಗೆ ಸಮೀಪದಲ್ಲಿದೆ. ಮೇಲಾಗಿ, ‘ಎನ್ನು’ ಧಾತುವಿನಿಂದ ಬಂದ ನಮ್ಮ ‘ಎಂದು’ ತೋರಿಸುವಂತೆ, ಹೇಳಿಕೆಯ ಕ್ರಿಯಾಪದವು ಉಪವಾಕ್ಯವನ್ನು ಜೋಡಿಸುವ ಪದವಾಗುವುದು ಆಫ್ರಿಕಕ್ಕೆ ಸೀಮಿತವಲ್ಲ. ಆದ್ದರಿಂದ ಅರ್ಥಸಾಮ್ಯವೊಂದೇ ಸಾಲದು. ಆದರೂ ಶಿಷ್ಟ ಇಂಗ್ಲಿಷಿನಲ್ಲಿ ‘ಸೇ’ ತಿಳಿಯುವ ಕ್ರಿಯಾಪದವನ್ನು ಹಿಂಬಾಲಿಸುವುದಿಲ್ಲ, ಟ್ವಿಯಲ್ಲಿ ‘ಸೆ’ ಹಿಂಬಾಲಿಸುತ್ತದೆ. ಎರಡೂ ಮೂಲಗಳು ಇಲ್ಲಿ ಸಂಗಮಿಸಿವೆ ಎಂಬ ವಿವರಣೆಯೇ ನಮಗೆ ಹೆಚ್ಚು ಒಪ್ಪಿತ.

ಟರ್ನರ್ ಅವರ ವಾದದ ಒಂದು ಪರಿಣಾಮವನ್ನೂ ಗಮನಿಸಬೇಕು. ಆಫ್ರಿಕನ್ ಮೂಲ ಸಿದ್ಧವಾದರೆ ಮಾತ್ರ ಗುಲ್ಲಾ ಗೌರವಾರ್ಹ ಎಂಬ ಭಾವನೆಗೆ ಅದು ಅರಿವಿಲ್ಲದೆ ಎಡೆಗೊಟ್ಟಿದೆ. ‘ಬಿನ್’ ಧ್ವನಿಯಲ್ಲಿ ಇಂಗ್ಲಿಷಿನದೇ. ಆದರೆ ಕ್ರಿಯಾಪದದ ಹಿಂದೆ ನಿಂತು ಹಿಂದಿನ ಕಾಲವನ್ನು ನಿಯತವಾಗಿ ಸೂಚಿಸುತ್ತದೆ. ‘ಇ’ ಸರ್ವನಾಮವೊಂದೇ ಅವನು, ಅವಳು, ಅದು ಎಂಬ ಮೂರಕ್ಕೂ ಸಲ್ಲುತ್ತದೆ. ಇವು ಎಲ್ಲಿಂದ ಬಂದವಾದರೂ ನಿಯಮಬದ್ಧವಾಗಿವೆ. ಸೋಮಾರಿತನದ ಆರೋಪಕ್ಕೆ ಈ ನಿಯಮಬದ್ಧತೆಯೇ ಸಾಕಷ್ಟು ಉತ್ತರ. ವ್ಯುತ್ಪತ್ತಿಯು ಬಗೆಹರಿಸಬೇಕಾದದ್ದು ಇತಿಹಾಸದ ಪ್ರಶ್ನೆಯನ್ನೇ ಹೊರತು ಆಡುಗರ ಯೋಗ್ಯತೆಯ ಪ್ರಶ್ನೆಯನ್ನಲ್ಲ.