ಪಾಲ್ವಂಕರ್ ಬಾಲೂ ಯಾರ ಕಡೆಯವರು?

ಕ್ರಿಕೆಟ್ ಆಟಗಾರ ರಾಜಕೀಯಕ್ಕೆ ಬಂದ ಎನ್ನುವ ಮಾತು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮೈದಾನದಲ್ಲಿ ಹೆಸರು ಮಾಡಿ, ಮೈ ಸೋತ ಮೇಲೆ ಆ ಹೆಸರನ್ನು ಮತವಾಗಿ ಬದಲಾಯಿಸಿಕೊಳ್ಳುವ ದಾರಿ ಅದು. ಕೀರ್ತಿ ಆಜಾದ್, ಸಿಧು, ಅಜರುದ್ದೀನ್ ಎಲ್ಲರೂ ಹಾಗೇ ಲೋಕಸಭೆಗೆ ಹೋದವರು. ಇದೇ ಮಾತನ್ನು ಪಾಲ್ವಂಕರ್ ಬಾಲೂ ಅವರ ಬದುಕಿಗೆ ಹಚ್ಚಿದರೆ ಸುಳ್ಳಾಗುತ್ತದೆ. ಧಾರವಾಡದಲ್ಲಿ ಚಮ್ಮಾರರ ಮನೆಯಲ್ಲಿ ಹುಟ್ಟಿ, ಪುಣೆಯಲ್ಲಿ ಬೆಳೆದು, 1911ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಅಖಿಲ ಭಾರತ ತಂಡಕ್ಕೆ 114 ವಿಕೆಟ್ ತೆಗೆದುಕೊಟ್ಟು, 1937ರಲ್ಲಿ ಮುಂಬೈಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರ ಎದುರು ಕಾಂಗ್ರೆಸ್ಸಿನಿಂದ ನಿಂತು ಸೋತ ಈ ಮನುಷ್ಯ ರಾಜಕೀಯದ ಹೊರಗೆ ಇದ್ದದ್ದಾದರೂ ಯಾವತ್ತು?

ಬಾಲೂ ಕ್ರಿಕೆಟ್ಟಿಗೆ ಬಂದದ್ದು ಆಟಗಾರನಾಗಿ ಅಲ್ಲ, ಕೂಲಿಯಾಗಿ. ಪುಣೆಯ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ ಕೆಲಸ. ಅಲ್ಲಿಂದ ಯುರೋಪಿಯನ್ನರ ಕ್ಲಬ್ಬಿಗೆ, ತಿಂಗಳಿಗೆ ನಾಲ್ಕು ರೂಪಾಯಿಗೆ. ರೋಲರ್ ಎಳೆಯುವುದು, ಗೆರೆ ಹಾಕುವುದು, ಬಲೆ ಕಟ್ಟುವುದು, ಆಮೇಲೆ ದೊರೆಗಳು ಬ್ಯಾಟು ಹಿಡಿದು ನಿಂತಾಗ ಬಾಲ್ ಹಾಕುವುದು. ಗ್ರೆಗ್ ಎನ್ನುವ ದೊಡ್ಡ ಬ್ಯಾಟುಗಾರನಿಗೆ ನೂರಾರು ಗಂಟೆ ಬಾಲ್ ಹಾಕಿದರು. ಔಟಾದಾಗಲೆಲ್ಲ ಆತ ಎಂಟಾಣೆ ಕೊಡುತ್ತಿದ್ದನೆಂಬ ಕತೆಯೂ ಇದೆ. ಆದರೆ ಆ ಕ್ಲಬ್ಬಿನಲ್ಲಿ ಬಾಲೂ ಕೈಗೆ ಬ್ಯಾಟು ಮಾತ್ರ ಯಾರೂ ಕೊಡಲಿಲ್ಲ. ಎಸೆಯುವುದು ದುಡಿಮೆ, ಬಾರಿಸುವುದು ದೊರೆತನ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಾತ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೆಜಿಎಫ್‌ಗೆ ಹೋಗಿ ಗಣಿಗೆ ಇಳಿಯುತ್ತಿದ್ದವರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರು ಯಾವ ಕೇರಿಯವರು, ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಮೇಲೆ ಕ್ಲಬ್ಬಿನಲ್ಲಿ ಆಡುತ್ತಿದ್ದವರು ಯಾರು ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು.

ಪುಣೆಯ ಹಿಂದೂ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸುವ ಆಸೆ ಹುಟ್ಟಿದಾಗ ಈ ಕೈ ನೆನಪಾಯಿತು. ಸೇರಿಸಬೇಕೋ ಬೇಡವೋ ಎಂದು ಒಳಗೆ ಜಗಳವಾಯಿತು, ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಬಾಲನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬಾಲೂ ಪೆವಿಲಿಯನ್ನಿನ ಹೊರಗೆ, ಕೈಯಲ್ಲಿ ಕುಡಿದು ಎಸೆಯುವ ಮಣ್ಣಿನ ಲೋಟ. ಮೈಲಿಗೆ ಬಾಲಿಗೆ ತಗುಲುವುದಿಲ್ಲ, ಲೋಟಕ್ಕೆ ತಗುಲುತ್ತದೆ! ಮೇಲ್ಜಾತಿ ಮನಸ್ಸಿನ ಈ ಲೆಕ್ಕಾಚಾರವನ್ನು ಹಿಡಿಯದೆ ಬಾಲೂ ಬಗ್ಗೆ ಬರೆಯುವ ಯಾವ ಬರವಣಿಗೆಯೂ ಬರೀ ಸಾಧಕರ ಜೀವನಚರಿತ್ರೆಯಾಗುತ್ತದೆ.

ನಮ್ಮ ಹುಡುಗರಿಗೆ ಅಸ್ಪೃಶ್ಯ ಬೌಲರ್ ಅಂದರೆ ಗೊತ್ತಿರುವುದು ‘ಲಗಾನ್’ ಸಿನಿಮಾದ ಕಚ್ರಾ. ಅದು ತೆರೆ ಕಂಡದ್ದು 2001ರಲ್ಲಿ, ಕೆಜಿಎಫ್ ಗಣಿಗಳಿಗೆ ಬೀಗ ಬಿದ್ದ ವರ್ಷ. ಕಚ್ರಾನ ಬಾಲು ತಿರುಗುವುದು ಅವನ ಕೈ ಊನವಾಗಿರುವುದರಿಂದ. ಅದನ್ನು ಕಂಡುಹಿಡಿಯುವವನು ಮೇಲ್ಜಾತಿಯ ನಾಯಕ, ಭಾಷಣ ಮಾಡುವವನೂ ಅವನೇ. ಕಚ್ರಾ ಕೈಮುಗಿದು ನಿಲ್ಲುತ್ತಾನೆ. ಬಾಲೂ ಎಡಗೈಯಲ್ಲಿ ಯಾವ ಊನವೂ ಇರಲಿಲ್ಲ, ವರ್ಷಗಟ್ಟಲೆಯ ದುಡಿಮೆ ಇತ್ತು. ದಲಿತನ ವಿದ್ಯೆಯನ್ನು ದುಡಿಮೆ ಎಂದು ಒಪ್ಪದೆ ಆಕಸ್ಮಿಕ ಮಾಡುವುದು, ಆಮೇಲೆ ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡೆವೆಂದು ಬೀಗುವುದು, ಇದು ಉದಾರವಾದಿ ಕಥನದ ಹಳೇ ಚಾಳಿ. ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ (2002) ಈ ಚಾಳಿಯದಲ್ಲ. ಬಾಲೂ ಮತ್ತವರ ತಮ್ಮಂದಿರನ್ನು ಮರೆವಿನಿಂದ ಎತ್ತಿ ತಂದದ್ದು ಆ ಪುಸ್ತಕ. ಆ ಋಣ ಸಣ್ಣದಲ್ಲ. ಆದರೂ ಅದನ್ನು ಓದುವಾಗ ಬಾಲೂ ಗೆಲುವು ದೇಶದ ಕತೆಗೆ ಜಮೆಯಾಗಿ, ಸೋಲು ಮಾತ್ರ ಅವರ ಸ್ವಂತ ಲೆಕ್ಕಕ್ಕೆ ಉಳಿಯಿತೇನೋ ಅನ್ನಿಸುತ್ತದೆ ನನಗೆ.

ಆ ಸೋಲಿಗೆ ಬರುವ ಮುಂಚೆ ನಾಯಕತ್ವದ ವಿಷಯ ನೋಡಬೇಕು. 1906ರಲ್ಲಿ ಹಿಂದೂ ತಂಡ ಮುಂಬೈಯಲ್ಲಿ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲೂ ಎಂಟು ವಿಕೆಟ್ ತೆಗೆದಿದ್ದರು. ಆ ಹೊತ್ತಿಗೆ ತಂಡದವರು ಜೊತೆಯಲ್ಲಿ ಕೂತು ಉಣ್ಣುವಷ್ಟು ಬದಲಾಗಿದ್ದರು. ಆದರೆ ಅವರಿಗಿಂತ ಹಿರಿಯ, ಅವರಿಗಿಂತ ಅನುಭವಿ ಇನ್ನೊಬ್ಬರಿಲ್ಲದಾಗಲೂ ನಾಯಕನ ಪಟ್ಟ ಬೇರೆಯವರಿಗೇ ಹೋಯಿತು, ಹತ್ತು ವರ್ಷ. ನಾಯಕನಾದ ಎಂ.ಡಿ. ಪೈ ಅವರೇ ಇದು ಬಾಲೂಗೆ ಸಲ್ಲಬೇಕಾದ ಗೌರವವೆಂದು ಒಪ್ಪಿಕೊಂಡಿದ್ದರಂತೆ. ಒಪ್ಪಿಕೊಂಡರೇ ಹೊರತು ಬಿಟ್ಟುಕೊಡಲಿಲ್ಲ. 1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟು, ನಾಯಕನ ಆಯ್ಕೆಯಲ್ಲಿ ತಮ್ಮ ವಿಠಲನನ್ನೂ ದಾಟಿಹೋದಾಗ ವಿಠಲ ಮತ್ತು ಶಿವರಾಮ ಆಡುವುದಿಲ್ಲವೆಂದು ಹೊರಬಂದರು. ಜಾತಿಯೇ ಕಾರಣವೆಂದು ಬಹಿರಂಗವಾಗಿ ಹೇಳಿದರು. ಮೂರು ವರ್ಷಕ್ಕೆ, 1923ರಲ್ಲಿ, ವಿಠಲ ಹಿಂದೂ ತಂಡದ ನಾಯಕ, ಆ ವರ್ಷ ಟೂರ್ನಿಯನ್ನೂ ಗೆದ್ದರು.

ನನ್ನ ವಾದ ಇಷ್ಟೇ. ಮುಂದೆ ಗಾಂಧಿ–ಅಂಬೇಡ್ಕರ್ ಜಗಳವಾಗಿ ದೇಶದ ಮುಂದೆ ಬಂದ ಪ್ರಶ್ನೆ ಪಾಲ್ವಂಕರ್ ಮನೆಯಲ್ಲಿ ಆಗಲೇ ಇತ್ತು. ತಂಡದೊಳಗೇ ಉಳಿದು ಗೆದ್ದು ತೋರಿಸುವುದು ಅಣ್ಣನ ದಾರಿ. ನ್ಯಾಯ ಸಿಗದಿದ್ದರೆ ತಂಡವನ್ನೇ ಬಿಟ್ಟು ಹೊರಗೆ ನಿಲ್ಲುವುದು ತಮ್ಮಂದಿರ ದಾರಿ. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರ ಬಂದಾಗ, ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ, ಬಾಲೂ ಮದ್ರಾಸಿನ ಎಂ.ಸಿ. ರಾಜಾ ಅವರ ಜೊತೆ ಜಂಟಿ ಮತಕ್ಷೇತ್ರದ ಪರ ನಿಂತರು. ಅದನ್ನು ಬರೀ ಗಾಂಧಿಭಕ್ತಿ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. ಮಣ್ಣಿನ ಲೋಟದಿಂದ ಸಹಪಂಕ್ತಿಯವರೆಗೆ ಬಂದ ಮನುಷ್ಯ ‘ಒಳಗಿದ್ದೇ ಬದಲಾಯಿಸಬಹುದು’ ಎಂದು ನಂಬಿದ್ದರೆ ಆ ನಂಬಿಕೆಗೆ ಅನುಭವದ ಆಧಾರವಿತ್ತು. 1920ರ ಪಾಠ ಮಾತ್ರ ಬೇರೆಯದೇ ಇತ್ತು. ಅದನ್ನು ಅವರು ಯಾಕೆ ಕೈಬಿಟ್ಟರು? ಒಪ್ಪಂದದ ನಂತರ ಹಿಂದೂ ಮಹಾಸಭಾದ ಟಿಕೆಟ್ಟಿನಲ್ಲಿ ಮುಂಬೈ ನಗರಸಭೆಗೆ ನಿಂತು ಸೋತದ್ದೂ ಇದೆ. ಅದನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ.

ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು, “ಸಾರ್, ಬಾಬಾಸಾಹೇಬ್ರ ಎದುರು ನಿಂತೋನ ಬಗ್ಗೆ ನಾವ್ಯಾಕೆ ಓದ್ಬೇಕು?” ಅಂದ. ಏಕವಚನ ಅವನದೇ. ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಚಪ್ಪಲಿ ಹೊಲೆಯೋರು ಅಂದ್ರೆ ನಮ್ಮೋರಲ್ವಾ ಸಾರ್? ನಿಮ್ಮೋರ್ ಬಗ್ಗೆ ಮಾತ್ರ ಓದ್ಬೇಕಾ?” ಅಂದ. ಮೊದಲನೆಯವನು ಹೊಲೆಯರ ಹುಡುಗ, ಎರಡನೆಯವನು ಮಾದಿಗರವನು. ಅಂಬೇಡ್ಕರ್ ಮಹಾರರು, ಬಾಲೂ ಚಮ್ಮಾರರು. ಎಂಬತ್ತೆಂಟು ವರ್ಷದ ಹಿಂದಿನ ಮುಂಬೈ ಚುನಾವಣೆ ಒಂದು ನಿಮಿಷದಲ್ಲಿ ಬಂಗಾರಪೇಟೆಯ ಎಡಗೈ–ಬಲಗೈ ಆಗಿಹೋಯಿತು. ಒಳಮೀಸಲಾತಿ ಬಗ್ಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಇಂಥ ಮಾತು ನಮ್ಮ ಕಾಲೇಜುಗಳಲ್ಲಿ ಹೊಸದಲ್ಲ, ಅದರ ಹಿಂದಿರುವ ನೋವು ಸುಳ್ಳೂ ಅಲ್ಲ. ಆದರೆ ಬಾಲೂ ಅವರನ್ನು ಒಬ್ಬ ‘ದ್ರೋಹಿ’ ಮಾಡಿ ಬಿಸಾಕುವುದು, ಇನ್ನೊಬ್ಬ ‘ನಮ್ಮ ಜಾತಿ’ ಎಂದು ಎತ್ತಿಕೊಳ್ಳುವುದು, ಎರಡರಲ್ಲೂ ಅವರನ್ನು ಅಲ್ಲಿ ತಂದು ನಿಲ್ಲಿಸಿದ ಕೈ ಯಾವುದು ಅನ್ನುವ ಪ್ರಶ್ನೆ ಬಿದ್ದುಹೋಗುತ್ತದೆ.

1937ರ ಫಲಿತಾಂಶ ಹೀಗಿದೆ: ಅಂಬೇಡ್ಕರ್ 13,245, ಬಾಲೂ 11,225. ಅಂತರ 2,020. ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿ ಇನ್ನೂ ವರ್ಷ ತುಂಬಿರದ ಅಂಬೇಡ್ಕರ್ ಅವರನ್ನು ತಡೆಯಲು ಕಾಂಗ್ರೆಸ್ಸಿಗೆ ಒಬ್ಬ ದಲಿತನೇ ಬೇಕಾಗಿತ್ತು, ಅದೂ ಮುಂಬೈಯ ಮನೆಮನೆಗೆ ಗೊತ್ತಿದ್ದ ದಲಿತ. ಹಿಂದೂ ಕ್ಲಬ್ಬಿಗೆ ಬಿಳಿಯರ ಎದುರು ಬಾಲೂ ಬೇಕಾದಂತೆಯೇ ಇದು. ಆಗಲೂ ನಾಯಕತ್ವ ಕೊಡಲಿಲ್ಲ, ಬಾಲ್ ಕೊಟ್ಟರು. ಜಂಟಿ ಮತಕ್ಷೇತ್ರದ ಒಳಗುಟ್ಟು ಇಲ್ಲಿದೆ: ನಿಲ್ಲುವವರು ನಾವು, ಯಾರು ನಿಲ್ಲಬೇಕೆಂದು ತೀರ್ಮಾನಿಸುವವರು ಬೇರೆಯವರು. ಬಂಗಾರಪೇಟೆ ಮೀಸಲು ಕ್ಷೇತ್ರ, ಕೆಜಿಎಫ್ ಮೀಸಲು ಕ್ಷೇತ್ರ, ಕೋಲಾರ ಲೋಕಸಭೆಯೂ ಮೀಸಲು. ಪುಣೆಯ ಆ ಕಾಗದದಿಂದ ಹೊರಟ ದಾರಿಯಲ್ಲೇ ಇವೆಲ್ಲ ಇವೆ. ಕೆಜಿಎಫ್‌ನಲ್ಲಿ ರಿಪಬ್ಲಿಕನ್ ಪಕ್ಷ ಗೆದ್ದ ಕಾಲವೂ ಇತ್ತು. ಗಣಿಯ ದುಡಿಮೆ ಮತ್ತು ಲೈನ್ ಮನೆಗಳ ಸಂಘಟನೆ ಒಂದಾಗಿದ್ದಾಗ ಅಭ್ಯರ್ಥಿಯನ್ನು ಕೇರಿಯೇ ಆರಿಸುತ್ತಿತ್ತು. ಗಣಿ ಮುಚ್ಚಿತು, ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು, ಟಿಕೆಟ್ಟೂ ಬೆಂಗಳೂರಿನಿಂದಲೇ ಬರತೊಡಗಿತು.

ಡಿ.ಆರ್. ನಾಗರಾಜ್ 1993ರಲ್ಲೇ ಗಾಂಧಿ–ಅಂಬೇಡ್ಕರ್ ಮುಖಾಮುಖಿಯಲ್ಲಿ ಇಬ್ಬರೂ ಬದಲಾದರೆಂದು ವಾದಿಸಿದ್ದರು. ನಮ್ಮ ವಿಮರ್ಶೆ ಆ ಇಬ್ಬರ ಸುತ್ತಲೇ ಸುತ್ತಿದೆ. ನಡುವೆ ನಿಂತು ಏಟು ತಿಂದವರನ್ನು ಓದುವ ಭಾಷೆ ನಮಗಿನ್ನೂ ಕೂಡಿಬಂದಿಲ್ಲ. 1948ರಲ್ಲಿ ವಿಠಲ ಮರಾಠಿಯಲ್ಲಿ ಬರೆದ ಆತ್ಮಕತೆಯನ್ನು ದಲಿತ ಆತ್ಮಕತೆಗಳ ಸಾಲಿನಲ್ಲಿಟ್ಟು ಓದುವ ಕೆಲಸವೂ ಆಗಬೇಕಾಗಿದೆ. ಆ ಸಾಲನ್ನು ನಾವು ಬಹಳ ತಡವಾಗಿ ಶುರು ಮಾಡಿಕೊಂಡಿದ್ದೇವೆ. ಬಾಲೂ 1955ರ ಜುಲೈಯಲ್ಲಿ ತೀರಿಕೊಂಡರು. ಮಾರನೇ ವರ್ಷ ಅಕ್ಟೋಬರಿನಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ತಂಡವನ್ನೇ ಬಿಟ್ಟು ಹೊರನಡೆದರು.

ಆ ಇಬ್ಬರು ಹುಡುಗರಿಗೆ ನಾನು ಪುಣೆ ಒಪ್ಪಂದದ ಪ್ರತಿ ಕೊಟ್ಟಿದ್ದೇನೆ, ಕೊನೆಯ ಸಹಿಗಳ ಪುಟದ ಸಮೇತ. ಅದರಲ್ಲಿ ಅಂಬೇಡ್ಕರ್ ಹೆಸರಿದೆ, ರಾಜಾ ಹೆಸರಿದೆ, ಪಿ. ಬಾಲೂ ಅಂತಲೂ ಇದೆ. ಬಿರ್ಲಾ ಹೆಸರು ಯಾಕಿದೆ ಸಾರ್ ಅಂತ ಕೇಳಿಕೊಂಡು ಇಬ್ಬರೂ ಒಟ್ಟಿಗೇ ಬಂದಿದ್ದರು.